ಐದನೆಯ ಚುಕ್ಕಿ

"ಇನ್ನೊಂದ್ಸಲ ಎಣಿಸು," ಎಂದಳು ಬಿಂದುಶ್ರೀ.

ಭೂಮಿಕಾ ಎಣಿಸಲಿಲ್ಲ. ಮೇಜಿನ ಮೇಲೆ ಹರಡಿದ್ದ ಕರಪತ್ರದ ನಕ್ಷೆಯಲ್ಲಿ ಅವಳ ತೋರುಬೆರಳು ಒಂದು, ಎರಡು, ಮೂರು, ನಾಲ್ಕು ಎಂದು ಸರಸರ ಇಳಿದು ಬಂದು ಐದನೆಯ ಚುಕ್ಕಿಯ ಮೇಲೆ ನಿಂತದ್ದು ಅಲ್ಲೇ ನಿಂತಿತ್ತು. ಒತ್ತಿದ ಒತ್ತಿಗೆ ಉಗುರು ಬಿಳಿಚಿಕೊಂಡಿತ್ತು.

"ಇದು ಎಲ್ಲಿಂದ ಬಂತು ಬಿಂದಕ್ಕ?"

"ಕರಪತ್ರಾನಾ? ವಿನೋಬನಗರದಲ್ಲಿ ಒಂದು ಜಿಮ್ಮಿನ ಬಾಗ್ಲಿಗೆ ಅಂಟಿಸಿದ್ರು. ಬೆಳಿಗ್ಗೆ ಆ ಕಡೆ ಹೋದವಳು ಕಿತ್ಕೊಂಡು ಬಂದೆ."

"ಕರಪತ್ರ ಅಲ್ಲ. ಈ ಚುಕ್ಕಿ."

ಬಿಂದುಶ್ರೀಗೆ ಒಳಗೊಳಗೇ ಖುಷಿ. ಒಂಬತ್ತು ದಿನದಿಂದ ಗಾಳ ಹಾಕಿ ಕೂತಿದ್ದವಳಿಗೆ ಇವತ್ತು ದಾರ ಜಗ್ಗಿತ್ತು.

ಏಪ್ರಿಲ್ ತಿಂಗಳಲ್ಲಿ ಭೂಮಿಕಾ, ಅಭಯ, ದೀಪಶ್ರೀ ಮೂವರೂ ಒಂದು ಹಳೆಯ ಓಮ್ನಿಯ ತಲೆಗೆ ಸರ್ಫಿಂಗ್ ಬೋರ್ಡು ಕಟ್ಟಿಕೊಂಡು ಹನ್ನೊಂದು ದಿನ ಕರಾವಳಿ ಸುತ್ತಿದ್ದರು. ಜನ ಕಾಲಿಡದ, ಆದರೆ ಒಳ್ಳೆಯ ಅಲೆ ಏಳುವ ನಾಲ್ಕು ದಂಡೆಗಳು ಸಿಕ್ಕಿದ್ದವು. ತೋರಿಸಿಕೊಟ್ಟ ಮೀನುಗಾರರ ಮನೆಗಳವರಿಗೆ ಇದನ್ನು ಯಾರಿಗೂ ಹೇಳುವುದಿಲ್ಲ ಎಂದು ಮೂವರೂ ಮಾತು ಕೊಟ್ಟು ಬಂದಿದ್ದರು. ಮಳೆಗಾಲ ಮುಗಿಯುವಷ್ಟರಲ್ಲಿ ಅದರಲ್ಲಿ ಎರಡು ಶಿವಮೊಗ್ಗದ ವಿಜಯಕುಮಾರ್ ಎಂಬ ಟೂರಿನವನ ಜಾಹೀರಾತಿನಲ್ಲಿ ಕಾಣಿಸಿಕೊಂಡವು. ಆಗ ಭೂಮಿಕಾ ಬಿಂದುಶ್ರೀಯ ಮೆಟ್ಟಿಲು ಹತ್ತಿದ್ದಳು. ಮಾತು ಮುರಿದವರು ಯಾರು, ಅಭಯನೋ ದೀಪಶ್ರೀಯೋ?

ಆ ಮೆಟ್ಟಿಲು ಇರುವುದು ಆಲ್ಕೊಳ ಸರ್ಕಲ್ಲಿನ ಬೇಕರಿಯ ಪಕ್ಕದಲ್ಲಿ. ಬೆಳಗಿನ ಹೊತ್ತು ಬನ್ನಿನ ವಾಸನೆಯೂ ಅದೇ ಮೆಟ್ಟಿಲು ಹತ್ತಿ ಬಂದು ಕೋಣೆಯಲ್ಲಿ ಕೂರುತ್ತದೆ. ಬಾಗಿಲ ಮೇಲೆ "ವಿಚಾರಣೆ ಮತ್ತು ಪರಿಶೀಲನೆ" ಎಂಬ ಪುಟ್ಟ ಫಲಕ. ಬಿಂದುಶ್ರೀ ಆರು ವರ್ಷ ಬ್ಯಾಂಕುಗಳ ಪರವಾಗಿ ಮನೆಮನೆ ತಿರುಗಿ, ಕೊಟ್ಟ ವಿಳಾಸ ನಿಜವೋ ಸುಳ್ಳೋ ಎಂದು ನೋಡಿ ಬರುತ್ತಿದ್ದವಳು. ಸುಳ್ಳು ಹೇಳುವವರು ಎದುರಿನವರ ಮುಖ ನೋಡುವುದಿಲ್ಲ, ನೆಲವನ್ನೂ ನೋಡುವುದಿಲ್ಲ, ಬಾಗಿಲ ಕಡೆ ನೋಡುತ್ತಾರೆ ಎಂಬುದನ್ನು ಕಲಿತ ಮೇಲೆ ಕೆಲಸ ಬಿಟ್ಟು ಸ್ವಂತ ಫಲಕ ತೂಗುಹಾಕಿದ್ದಳು.

"ಆ ಚುಕ್ಕಿ ಇಟ್ಟಿದ್ದು ನಾನು," ಎಂದಳು ಬಿಂದುಶ್ರೀ. "ನಿನ್ನ ನಕ್ಷೆ ನೋಡ್ಕೊಂಡು ಎರಡು ಪ್ರತಿ ಬರೆದೆ. ಲಕೋಟೆ ಅಂಟಿಸಿ ನಿನ್ನ ಕೈಲೇ ಕೊಟ್ಟು ಕಳಿಸಿದ್ದೆ, ನೆನಪಿದ್ಯಾ? ಅಭಯಂಗೊಂದು, ದೀಪಶ್ರೀಗೊಂದು. ನಾಲ್ಕು ಚುಕ್ಕಿ ಎರಡ್ರಲ್ಲೂ ಒಂದೇ. ಐದನೇದು ಮಾತ್ರ ಬೇರೆ ಬೇರೆ. ಎರಡೂ ಸುಳ್ಳು. ಯಾವ ಸುಳ್ಳು ಹೊರಗೆ ಬರತ್ತೋ ಅವರೇ ಕಳ್ಳರು."

"ನಂಗ್ಯಾಕೆ ಹೇಳ್ಲಿಲ್ಲ?"

"ನಿನ್ನ ಮುಖ ಕನ್ನಡಿ ಇದ್ದಂಗೆ ಮಾರಾಯ್ತಿ. ಹೇಳಿದ್ರೆ ಅವರಿಬ್ರೂ ಅದ್ರಲ್ಲೇ ಓದ್ಕೊಂಡಿರೋರು."

ಭೂಮಿಕಾ ನಗಲಿಲ್ಲ. "ಈ ಜಾಗಾನೇ ಯಾಕೆ ಆರಿಸಿದ್ರಿ?"

ಅದನ್ನು ಹೇಳುವಾಗ ಬಿಂದುಶ್ರೀಯ ಮಾತಿನಲ್ಲಿ ಸ್ವಲ್ಪ ಜಂಬವೂ ಇತ್ತು. ಜೊತೆಯಲ್ಲಿ ತಿರುಗಿದವರಿಗೆ ಸುಳ್ಳು ಚುಕ್ಕಿ ತೋರಿಸಿದರೆ, ಇಲ್ಲಿಗೆ ನಾವು ಹೋಗಿಯೇ ಇಲ್ಲವಲ್ಲ ಎಂದು ಹಿಡಿದುಬಿಡುತ್ತಾರೆ. ಹಾಗಾಗಿ ಯಾರು ಯಾವ ದಿನ ಜೊತೆಯಲ್ಲಿರಲಿಲ್ಲ ಎಂದು ಭೂಮಿಕಾಳನ್ನೇ ಕೇಳಿಕೊಂಡಿದ್ದಳು. ಒಂದು ದಿನ ದೀಪಶ್ರೀ ಜ್ವರ ಬಂದು ಮಲಗಿದ್ದಳು. ಇನ್ನೊಂದು ದಿನ, ಹೊನ್ನಾವರ ದಾಟಿದ ಮೇಲೆ, ಓಮ್ನಿಯ ಟೈರು ಹೋಗಿ ಅಭಯ ಪಂಕ್ಚರ್ ಅಂಗಡಿಯಲ್ಲಿ ಉಳಿದಿದ್ದ. ಅವರಿಲ್ಲದ ದಿನದ ದಾರಿಯಲ್ಲೇ ಅವರವರ ಚುಕ್ಕಿ. ಜಾಗ ಆರಿಸಿದ್ದು ಫೋನಿನ ಉಪಗ್ರಹ ಚಿತ್ರ ನೋಡಿ. ದಂಡೆಯುದ್ದಕ್ಕೂ ಬಿಳಿ ನೊರೆಯ ಗದ್ದಲ, ನಡುವೆ ಒಂದೇ ಒಂದು ಕಡೆ ನೀರು ನುಣ್ಣಗೆ, ಕಪ್ಪಗೆ, ಅಚ್ಚುಕಟ್ಟಾಗಿ ಕಂಡಿತ್ತು.

"ಅದು ದಂಡೆ ಅಲ್ಲ ಬಿಂದಕ್ಕ," ಎಂದಳು ಭೂಮಿಕಾ. ಅವಳ ದನಿ ಎಲ್ಲೋ ದೂರದಿಂದ ಬಂದ ಹಾಗಿತ್ತು. "ಎರಡೂ ಕಡೆ ಅಲೆ ಒಡೀತಿರತ್ತೆ. ನಡುವೆ ಒಂದು ಪಟ್ಟಿ ಗಾಜಿನ ಥರ ಸುಮ್ನಿರತ್ತೆ. ನಮ್ಮ ಕಡೆಯೋರು ನೋಡಿದ್ರೆ ಸೀದಾ ಅಲ್ಲೇ ಇಳೀತಾರೆ. ಗಾಜನೂರಲ್ಲಿ, ಭದ್ರೇಲಿ, ಹೊಳೆ ನೀರಲ್ಲಿ ಈಜು ಕಲಿತವರಲ್ವಾ ನಾವು? ರಭಸ ಇರೋ ಕಡೆ ಬಿಟ್ಟು ಸುಮ್ನಿರೋ ಕಡೆ ಕಾಲಿಡು ಅಂತ ತಾನೆ ಹೇಳ್ಕೊಟ್ಟಿರೋದು. ಕಡಲಲ್ಲಿ ತಿರುಗಾಮುರುಗಾ. ದಡಕ್ಕೆ ಬಂದ ನೀರೆಲ್ಲ ವಾಪಸ್ ಹೋಗೋ ದಾರಿ ಅದು. ಇಳಿದೋರನ್ನ ಕಾಲು ಹಿಡಿದು ಎಳ್ಕೊಂಡು ಹೋಗತ್ತೆ."

ಬಿಂದುಶ್ರೀ ಫೋನು ತೆಗೆದು ಆ ಕಪ್ಪು ಪಟ್ಟಿಯನ್ನು ಮತ್ತೆ ನೋಡಿದಳು.

"ನಿಂಗೆ ಹ್ಯಾಗೆ ಗೊತ್ತು?"

"ಆವತ್ತು ನಾನೂ ದೀಪಾನೂ ನೋಡಿದ್ವಿ. ಅಲ್ಲೊಬ್ರು ಬಲೆ ಬೀಸೋ ಅಜ್ಜ ಇದ್ರು, ಬೇಡ ಅಂದ್ರು. ವಾಪಸ್ ಬಂದ್ವಿ." ಭೂಮಿಕಾ ಬಾಗಿಲ ಕಡೆ ನೋಡಿದಳು. ಹೊರಡುವ ಆತುರ ಇರಬೇಕು ಎಂದುಕೊಂಡಳು ಬಿಂದುಶ್ರೀ.

ಮೂಲೆಯ ಕುರ್ಚಿಯಿಂದ ಒಂದು ನಿಟ್ಟುಸಿರು ಕೇಳಿತು. ಬಿಂದುಶ್ರೀಯ ಅಜ್ಜಿ ಕಾಳಮ್ಮ ದಿನಾ ತಿಂಡಿಯ ಡಬ್ಬಿ ಹಿಡಿದು ಬಂದು ಅಲ್ಲೇ ಕೂರುತ್ತಿದ್ದರು. ಮೊಮ್ಮಗಳ ಕಕ್ಷಿದಾರರ ಗುಟ್ಟುಗಳೆಲ್ಲ ಅವರಿಗೆ ಗೊತ್ತು, ಯಾರಿಗೂ ಹೇಳುವುದಿಲ್ಲ, ಆದರೆ ಅಭಿಪ್ರಾಯ ಕೊಡದೆ ಇರುವುದಿಲ್ಲ.

"ಅದು ಕಡಲೊಡತಿ ಬಾಗ್ಲು ಕಣೇ," ಎಂದರು ಕಾಳಮ್ಮ. "ಎಷ್ಟು ಸಲ ಹೇಳಿಲ್ಲ ನಿಂಗೆ? ನಮ್ಮವ್ವಂಗೆ ಘಟ್ಟದ ಕೆಳಗಿನ ಉಪ್ಪಿನ ಗಾಡಿಯೋರು ಹೇಳಿದ್ದು. ಬೆಳಿಗ್ಗೆ ಎದ್ದು ಮನೆ ಮುಂದೆ ಗುಡಿಸ್ತಾಳೆ ಅವಳು. ನೊರೆ ಗಿರೆ ಎಲ್ಲ ಆ ಕಡೆ ಈ ಕಡೆ ತಳ್ತಾಳೆ. ಗುಡಿಸಿದ ಜಾಗ ಫಳಫಳ ಅಂತಿರತ್ತೆ. ದಾರೀಲಿ ಹೋಗೋರು ಎಷ್ಟು ಚೆಂದ ಇದೆ ಅಂತ ಕಾಲಿಟ್ರೆ ಬಾಗ್ಲು ತೆಗೆದು ಒಳಗೆ ಕರೀತಾಳೆ. ಬಂದೋರನ್ನ ಊಟ ಹಾಕ್ದೆ ಕಳಿಸಲ್ಲ."

"ಅಜ್ಜಿ, ಈಗ ಬೇಡ."

"ಅವಳ ಮನೇಲಿ ಅಡುಗೆ ಆಗೋದೇ ಇಲ್ಲ," ಎಂದು ಮುಗಿಸಿ ಕಾಳಮ್ಮ ಡಬ್ಬಿಯ ಮುಚ್ಚಳ ಹಾಕಿದರು.

ಏಳು ವರ್ಷದವಳಾಗಿದ್ದಾಗ ಬಿಂದುಶ್ರೀ ಆ ಕಥೆ ಕೇಳಿ ಒಂದು ವಾರ ಮನೆ ಮುಂದೆ ಗುಡಿಸಿದ ಜಾಗ ತುಳಿಯದೆ ಹಾರಿ ಹೋಗುತ್ತಿದ್ದಳು. ಇಪ್ಪತ್ತೊಂಬತ್ತರಲ್ಲಿ ಫೋನು ಹಿಡಿದು ಅದೇ ಬಾಗಿಲಿಗೆ ಚುಕ್ಕಿ ಇಟ್ಟಿದ್ದಳು. ಒಬ್ಬ ಕಳ್ಳನನ್ನು ಹಿಡಿಯುವುದಕ್ಕೆ.

ಕರಪತ್ರವನ್ನು ಅವಳು ಮತ್ತೆ ಎಳೆದುಕೊಂಡಳು. ಐದನೆಯ ಚುಕ್ಕಿಗೆ ಮಾತ್ರ ಕೆಂಪು ನಕ್ಷತ್ರ. "ಯಾರೂ ಕಾಲಿಡದ ಕಡಲು. ಸರ್ಫಿಂಗ್ ಕಲಿಕೆ, ಕಡಲಸ್ನಾನ. ಅನುಭವಿ ಮಾರ್ಗದರ್ಶಿ. ಹದಿನೆಂಟು ಸೀಟು ಮಾತ್ರ." ಅದರ ಮೇಲೆ ಓರೆಯಾಗಿ "ಭರ್ತಿ" ಎಂದು ಪೆನ್ನಿನಲ್ಲಿ ಬರೆದಿತ್ತು. ಶನಿವಾರ ಮಧ್ಯಾಹ್ನ ಒಂದಕ್ಕೆ ಶಿವಮೊಗ್ಗದಿಂದ ಹೊರಡುವುದು. ಭಾನುವಾರ ಬೆಳಿಗ್ಗೆ ನೀರಿಗೆ.

ಇವತ್ತು ಶನಿವಾರ. ಗಂಟೆ ಒಂಬತ್ತೂ ಮುಕ್ಕಾಲು.

ವಿಜಯಕುಮಾರನ ನಂಬರಿಗೆ ಮೂರು ಸಲ ಹಚ್ಚಿದಳು. ಮೂರು ಸಲವೂ ಎತ್ತಲಿಲ್ಲ. ಜಾಗ ಅಪಾಯದ್ದು, ಬಸ್ಸು ನಿಲ್ಲಿಸಿ ಎಂದು ಸಂದೇಶ ಬರೆದು ಹಾಕಿದಳು. ಓದಿದ ಗುರುತಿನ ನೀಲಿ ಗೆರೆ ಬೀಳಲಿಲ್ಲ.

ಆಮೇಲೆ ಮೇಜಿನ ಖಾನೆಯಿಂದ ಆ ಎರಡು ಹಾಳೆಗಳ ನಕಲು ತೆಗೆದು ಕರಪತ್ರದ ಪಕ್ಕ ಇಟ್ಟಳು.

"ಈ ಚುಕ್ಕಿ ಅಭಯನ ಹಾಳೇದು."

"ಅಭಯ ಅಲ್ಲ," ಎಂದಳು ಭೂಮಿಕಾ ತಕ್ಷಣ. "ಅವನು ನಮ್ಮ ಮನೆ ಸಾಲಲ್ಲೇ ಬೆಳೆದವನು. ನಂಗೆ ಸೈಕಲ್ ಕಲಿಸಿದ್ದು ಅವನೇ."

"ಸೈಕಲ್ ಕಲಿಸಿದೋರು ನಕ್ಷೆ ಕೊಡಲ್ಲ ಅಂತ ಕಾನೂನಿದ್ಯಾ? ಹೆಲ್ಮೆಟ್ ಹಾಕ್ಕೋ. ಫೋನ್ ಮಾಡಿದ್ರೆ ತಪ್ಪಿಸ್ಕೊಳ್ತಾನೆ, ಎದುರಿಗೇ ಕೇಳ್ಬೇಕು. ಅನುಭವಿ ಮಾರ್ಗದರ್ಶಿ ಅಂದ್ರೆ ಅವನೇ ಇರ್ಬೇಕು. ಅವನನ್ನ ನಿಲ್ಲಿಸಿದ್ರೆ ಬಸ್ಸೂ ನಿಲ್ಲತ್ತೆ."

* * *

ಭದ್ರಾವತಿಯ ದಾರಿಯಲ್ಲಿ ಲಾರಿಗಳ ಸಂದಿಯಲ್ಲಿ ಸ್ಕೂಟರು ನುಗ್ಗಿಸುತ್ತ ಬಿಂದುಶ್ರೀ ಒಂದೇ ಲೆಕ್ಕ ಹಾಕುತ್ತಿದ್ದಳು. ಹದಿನೆಂಟು. ಆ ಹದಿನೆಂಟು ಮಂದಿಯ ಮುಖ ಅವಳಿಗೆ ಗೊತ್ತಿಲ್ಲ. ಗೊತ್ತಿಲ್ಲದಿದ್ದರೇನು, ಕೈಯಲ್ಲಿ ಪೆನ್ನು ಹಿಡಿದಿದ್ದು ಅವಳು. ಅವರಲ್ಲಿ ಒಬ್ಬರ ಕಾಲೂ ಆ ನೀರಿಗೆ ತಾಗಕೂಡದು. ತಪ್ಪು ಯಾರದು, ಕಳ್ಳ ಯಾರು, ಅದೆಲ್ಲ ಆಮೇಲೆ.

ಕಾಗದನಗರದಲ್ಲಿ ಈಗ ಕಾಗದದ ಮಿಲ್ಲಿನ ಸೈರನ್ ಕೂಗುವುದಿಲ್ಲ. ಒಂದೇ ಅಚ್ಚಿನ ಮನೆಗಳ ಸಾಲಿನಲ್ಲಿ ಎರಡು ಮನೆಗೊಂದು ಬೀಗ. ಅಭಯನ ಮನೆಯ ಪಕ್ಕದ್ದೂ ಖಾಲಿ. ಅದರ ಹಿಂದಿನ ತಗಡಿನ ಶೆಡ್ಡನ್ನು ಅವನು ತನ್ನದಾಗಿ ಮಾಡಿಕೊಂಡು ಮುರಿದ ಬೋರ್ಡುಗಳಿಗೆ ತೇಪೆ ಹಾಕುವ ಕೆಲಸ ಇಟ್ಟುಕೊಂಡಿದ್ದ. ಕಡಲಿನಿಂದ ಇನ್ನೂರು ಕಿಲೋಮೀಟರು ದೂರದ ಈ ಊರಿಗೆ ಮಲ್ಪೆ, ಮೂಲ್ಕಿ ಕಡೆಯವರು ಬೋರ್ಡು ಕಳಿಸುತ್ತಿದ್ದರು. ಕಾರಿನ ಬಂಪರು ರಿಪೇರಿ ಮಾಡಿ ಕಲಿತ ಕೈ ಅದು.

ಶೆಡ್ಡಿನ ಬಾಗಿಲು ತೆರೆದಿತ್ತು. ಅಭಯ ಒಳಗೇ ಇದ್ದ. ಕೈಗೆ ರಬ್ಬರಿನ ಗವಸು, ಮೂಗಿಗೆ ಕರ್ಚೀಫು, ಎರಡು ಸ್ಟೂಲಿನ ಮೇಲೆ ಅಡ್ಡ ಮಲಗಿಸಿದ ಹಳದಿ ಬೋರ್ಡು, ಮೂಗು ಕಟ್ಟುವ ಅಂಟಿನ ವಾಸನೆ.

ಬಿಂದುಶ್ರೀಗೆ ಮೊದಲು ಆದದ್ದು ಸಮಾಧಾನ. ಮಾರ್ಗದರ್ಶಿ ಇಲ್ಲಿದ್ದಾನೆ ಎಂದರೆ ಬಸ್ಸು ಹೊರಟಿಲ್ಲ. ಎರಡನೆಯದಾಗಿ ಕಣ್ಣಿಗೆ ಬಿದ್ದದ್ದು ಗೋಡೆಯ ಮೊಳೆಗೆ ತೂಗುಹಾಕಿದ್ದ ಎರಡು ಲೀಶ್. ಬೋರ್ಡು ಕೈತಪ್ಪಿ ಹೋಗದಂತೆ ಪಾದದ ಗಂಟಿಗೆ ಬಿಗಿಯುವ ಹಗ್ಗ ಅದು ಎಂದು ಭೂಮಿಕಾ ಹಿಂದೊಮ್ಮೆ ತೋರಿಸಿದ್ದಳು. ಒಂದು ಹೊಸದು, ಪ್ಲಾಸ್ಟಿಕ್ಕಿನ ಚೀಟಿಯನ್ನೂ ಬಿಚ್ಚಿರಲಿಲ್ಲ. ಇನ್ನೊಂದು ನಡುವೆ ತುಂಡಾಗಿ ಸುರುಳಿ ಸುತ್ತಿಕೊಂಡಿತ್ತು.

"ಏನೇ ಭೂಮಿ, ಬೆಳಿಗ್ಗೆ ಬೆಳಿಗ್ಗೆ ಪೊಲೀಸ್ ಕರ್ಕೊಂಡು ಬಂದಿದ್ದೀಯಾ?" ಎಂದ ಅಭಯ. ನಗುವಿಗೆ ಪ್ರಯತ್ನಿಸಿದ.

ಬಿಂದುಶ್ರೀ ಕರಪತ್ರವನ್ನು ಹಳದಿ ಬೋರ್ಡಿನ ಮೇಲೆ ಹರಡಿದಳು.

"ಐದನೇ ಚುಕ್ಕಿ ನೋಡು ಅಭಯ. ಇದು ನಿನ್ನ ಹಾಳೇಲಿ ಮಾತ್ರ ಇತ್ತು. ದೀಪಶ್ರೀ ಹಾಳೇಲಿ ಐದನೇದು ಬೇರೆ ಕಡೆ ಇದೆ. ಇಟ್ಟವಳು ನಾನೇ."

ಅವನು ಗವಸು ತೆಗೆದ. ಒಂದೊಂದು ಬೆರಳನ್ನೂ ಬಿಡಿಸಿ ಬಿಡಿಸಿ, ಆದಷ್ಟು ನಿಧಾನವಾಗಿ.

"ಹೌದು. ಕೊಟ್ಟಿದ್ದು ನಾನೇ," ಎಂದ. "ಸುತ್ತಿ ಬಳಸಿ ಹೇಳಲ್ಲ."

ಭೂಮಿಕಾ ಮುಂದೆ ಬಂದಳು. "ಮಾತು ಕೊಟ್ಟಿದ್ವಲ್ಲೋ. ಆ ಮನೆಗಳಲ್ಲಿ ಮೀನು ಸಾರು ಉಂಡ್ಕೊಂಡು ಮಾತು ಕೊಟ್ಟಿದ್ವಿ."

"ಮಾತು ಕೊಟ್ಟಿದ್ದು ನಾಲ್ಕಕ್ಕೆ ಕಣೇ. ನೀವಿಬ್ರೂ ಐದು ಇಟ್ಕೊಂಡಿದ್ರಿ." ಅಭಯ ಕರ್ಚೀಫು ಕೆಳಗೆಳೆದ. "ಮಿಲ್ ಮುಚ್ಚಿದ ಮೇಲೆ ಈ ಸಾಲಿನೋರೆಲ್ಲ ಎಲ್ಲೆಲ್ಲಿಗೋ ಹೋದ್ರು. ನಾನು ಇಲ್ಲಿ ಬೇರೆಯೋರ ಬೋರ್ಡಿಗೆ ತೇಪೆ ಹಾಕ್ತಾ ಕೂತಿದ್ದೀನಿ. ವಿಜಯಣ್ಣ ಬಂದು ಕಡಲ ಹತ್ರ ಕೆಲಸ ಕೊಡ್ತೀನಿ, ಜನರಿಗೆ ಸರ್ಫಿಂಗ್ ಕಲಿಸು ಅಂದ. ಎರಡು ಜಾಗ ಹೇಳಿದೆ. ಹೇಳಿದ ಮೇಲೆ ನಿದ್ದೆ ಬರ್ಲಿಲ್ಲ, ಅದೂ ನಿಜ. ಇನ್ನು ಸಾಕು ಅಂತಾನೇ ಇದ್ದೆ. ಅಷ್ಟೊತ್ತಿಗೆ ನಿನ್ನ ಲಕೋಟೆ ಬಂತು."

"ಅದ್ರಲ್ಲಿ ಐದು ಇತ್ತು," ಎಂದಳು ಬಿಂದುಶ್ರೀ.

"ಐದಿತ್ತು. ಅದೂ ಎಲ್ಲಿ? ನನ್ನನ್ನ ಪಂಕ್ಚರ್ ಅಂಗಡೀಲಿ ಬಿಟ್ಟು ಹೋದ ದಾರೀಲಿ." ಅವನು ಭೂಮಿಕಾಳ ಕಡೆ ತಿರುಗಿದ. "ನೆನಪಿದ್ಯಾ? ಗೂಡ್ಸ್ ಆಟೋ ಹತ್ಕೊಂಡು ಹೋದ್ರಿ ನೀವಿಬ್ರೂ. ಮೂರು ಗಂಟೆ ಕೂತಿದ್ದೆ ಆ ಅಂಗಡೀಲಿ. ವಾಪಸ್ ಬಂದಾಗ ಇಬ್ರ ಕೂದಲೂ ಒದ್ದೆ. ಏನೂ ಸಿಗ್ಲಿಲ್ಲ ಅಂದ್ರಿ. ಸುಮ್ನಿದ್ದೆ. ನನ್ನ ಬೋರ್ಡೂ ಹೊತ್ಕೊಂಡು ಹೋಗಿದ್ರಿ, ಅದು ವಾಪಸ್ಸೇ ಬರ್ಲಿಲ್ಲ. ಕಲ್ಲಿಗೆ ಬಡಿದು ಮುರೀತು ಅಂದ್ರಿ. ಅದಕ್ಕೂ ಸುಮ್ನಿದ್ದೆ. ಇಬ್ರಿಗೆ ಮೂರು ಬೋರ್ಡ್ ಯಾಕೆ ಅಂತ ಆವತ್ತೇ ಕೇಳ್ಬೇಕಿತ್ತು ನಾನು."

ಭೂಮಿಕಾಳ ಕಣ್ಣು ಗೋಡೆಯ ತುಂಡು ಲೀಶಿನ ಮೇಲೆ ಹೋಯಿತು.

"ಎಲ್ಲದಕ್ಕಿಂತ ಚೆನ್ನಾಗಿರೋ ಜಾಗ ನನ್ನಿಂದ ಮುಚ್ಚಿಟ್ಟಿದ್ದೀರಿ, ಈಗ ಲಕೋಟೇಲಿ ಹಾಕಿ ದಾನ ಮಾಡ್ತಿದ್ದೀರಿ ಅನ್ನಿಸ್ತು. ಅದಕ್ಕೇ ವಿಜಯಣ್ಣಂಗೆ ಅದನ್ನೇ ಮುಂದೆ ಮಾಡಿ ಕೊಟ್ಟೆ. ನಕ್ಷತ್ರ ಹಾಕಿ ಅಂದಿದ್ದೂ ನಾನೇ."

ಬಿಂದುಶ್ರೀ ಕರಪತ್ರದ ಕೆಂಪು ನಕ್ಷತ್ರ ನೋಡಿದಳು. ಅವಳ ಚುಕ್ಕಿ ಬರೀ ಗಾಳ ಆಗಿರಲಿಲ್ಲ. ಐದು ತಿಂಗಳಿಂದ ಹಸಿಯಾಗಿದ್ದ ಗಾಯದ ಮೇಲೇ ಹೋಗಿ ಕೂತಿತ್ತು. ಅವನಿಲ್ಲದ ದಿನ ಹುಡುಕಿ ಚುಕ್ಕಿ ಇಟ್ಟದ್ದು ಜಾಣತನ ಎಂದುಕೊಂಡಿದ್ದಳು ಅವಳು.

"ಅಭಯ, ಅದು ಸುಳ್ಳು ಚುಕ್ಕಿ," ಎಂದಳು. "ಆ ಜಾಗ ನಾನು ನೋಡೇ ಇಲ್ಲ. ಫೋನಲ್ಲಿ ನೋಡಿ ಇಟ್ಟೆ. ಅಲ್ಲಿ ಸೆಳವಿದೆ. ಇಳಿದೋರು ಬದುಕಲ್ಲ."

ಅಭಯ ನಕ್ಕ. ಈ ಸಲ ನಿಜವಾಗಿ.

"ಹಾಗಂತ ಹೇಳ್ಕೊಟ್ಲಾ ಇವಳು? ಸಿಕ್ಕಿಬಿದ್ದ ಮೇಲೆ ಸುಳ್ಳು ಚುಕ್ಕಿ ಅಂತೆ. ಸೆಳವಂತೆ. ಒಂದು ದಂಡೆ ಉಳಿಸ್ಕೊಳ್ಳಕ್ಕೆ ಎಷ್ಟು ನಾಟಕ ಮೇಡಂ."

"ನಾಟಕ ಅಲ್ಲ. ಹದಿನೆಂಟು ಜನ."

"ಒದ್ದೆ ಕೂದಲಿಗೆ ಉತ್ತರ ಕೊಡಿ ಮತ್ತೆ. ಇಳಿದೋರು ಬದುಕಲ್ಲ ಅಂದ್ರೆ ಇವರಿಬ್ರು ಹ್ಯಾಗೆ ಬಂದ್ರು?"

ಬಿಂದುಶ್ರೀಯೂ ಭೂಮಿಕಾಳ ಕಡೆ ನೋಡಿದಳು. ಬಲೆ ಅಜ್ಜ ಬೇಡ ಅಂದರು, ವಾಪಸ್ ಬಂದೆವು ಎಂದಿದ್ದಳಲ್ಲ ಇವಳು. ವಾಪಸ್ ಬಂದವರ ಕೂದಲು ಯಾಕೆ ಒದ್ದೆಯಾಗಬೇಕು?

ಭೂಮಿಕಾ ಗೋಡೆಯ ಹತ್ತಿರ ಹೋದಳು. ಮೊಳೆಯಿಂದ ತುಂಡು ಲೀಶನ್ನು ತೆಗೆದು ತಂದು ಅಭಯನ ಅಂಗೈ ಮೇಲಿಟ್ಟಳು.

"ಇದು ಹಳೇದಾಗಿ ಕಿತ್ತೋಯ್ತು ಅಂತ ದೀಪಾ ಹೇಳಿದ್ಲು ಅಲ್ವಾ ನಿಂಗೆ? ನೋಡು ಸರಿಯಾಗಿ. ದಿನಾ ಇದೇ ಕೆಲಸ ಮಾಡ್ತೀಯಲ್ಲ."

ಅಭಯ ನೋಡಿದ. ಮೊದಲು ಬೇಕೋ ಬೇಡವೋ ಎಂಬ ಹಾಗೆ, ಆಮೇಲೆ ಕಿಟಕಿಯ ಬೆಳಕಿಗೆ ಹಿಡಿದು. ಹಳೆಯದಾಗಿ ಬಿರುಕು ಬಿಟ್ಟು ಹರಿದಿದ್ದರೆ ತುದಿ ಒರಟಾಗಿರಬೇಕು. ಇದು ಎಳೆದೂ ಎಳೆದೂ ದಾರದಷ್ಟು ಸಣ್ಣಗಾಗಿ, ತುದಿಯಲ್ಲಿ ಬೆಳ್ಳಗಾಗಿ ತುಂಡಾಗಿತ್ತು. ಹರಿದ ಕಡೆ ಅಂಗೈಯಗಲದಷ್ಟಿದ್ದ ಹಗ್ಗ ಮೊಳದುದ್ದ ಹಿಗ್ಗಿ ನಿಂತಿತ್ತು.

"ಎಷ್ಟು ಜೋರು ಎಳೆದಿರ್ಬೇಕು ಇದನ್ನ," ಎಂದ, ತನಗೇ ಹೇಳಿಕೊಳ್ಳುವ ಹಾಗೆ.

"ಆಡಿ ಒದ್ದೆ ಆಗಿದ್ದಲ್ಲ ಕಣೋ ನಾವು. ದೀಪಾ ಆ ಸುಮ್ನಿರೋ ಪಟ್ಟೀಲಿ ಇಳಿದ್ಲು. ನಾನು ತಿರುಗಿ ನೋಡೋಷ್ಟ್ರಲ್ಲಿ ಅವಳ ತಲೆ ಒಂದು ತೆಂಗಿನಕಾಯಿ ಗಾತ್ರ ಆಗಿತ್ತು. ಬೋರ್ಡ್ ಒಂದು ಕಡೆ, ಅವಳು ಒಂದು ಕಡೆ. ಬಲೆ ಅಜ್ಜ ದೋಣಿ ತಂದು ಎತ್ತಿ ಹಾಕ್ಕೊಂಡ್ರು. ದಡಕ್ಕೆ ಬಂದ ಮೇಲೂ ಅವಳ ಹಲ್ಲು ಕಟಕಟ ಅಂತಿತ್ತು. ಮನೇಲಿ ಗೊತ್ತಾದ್ರೆ ಮತ್ತೆ ಕಡಲಿಗೆ ಬಿಡಲ್ಲ, ಅಭಯಂಗೂ ಹೇಳ್ಬೇಡ ಅಂತ ತನ್ನ ತಲೆ ಮೇಲೆ ನನ್ನ ಕೈ ಇಡಿಸಿ ಆಣೆ ಹಾಕಿಸ್ಕೊಂಡ್ಲು."

ಶೆಡ್ಡಿನ ತಗಡಿನ ಮೇಲೆ ಕಾಗೆಯೊಂದು ನಡೆದು ಹೋದ ಸದ್ದಾಯಿತು.

ಅಭಯ ಹಗ್ಗವನ್ನು ಬೋರ್ಡಿನ ಮೇಲಿಟ್ಟ.

"ಅಯ್ಯೋ ದೇವ್ರೇ," ಎಂದ ಮೆಲ್ಲಗೆ.

"ಈಗ ವಿಜಯಕುಮಾರಂಗೆ ಫೋನ್ ಹಚ್ಚು," ಎಂದಳು ಬಿಂದುಶ್ರೀ. "ನಿನ್ನ ನಂಬರ್ ಆದ್ರೆ ಎತ್ತಾನೆ. ಬಸ್ಸು ಹೊರಡಕ್ಕೆ ಇನ್ನೂ ಎರಡು ಗಂಟೆ ಇದೆ."

ಅಭಯ ಫೋನು ತೆಗೆಯಲಿಲ್ಲ. ಅವಳನ್ನೇ ನೋಡುತ್ತಿದ್ದ.

"ಬಸ್ಸು ಹೋಯ್ತು ಮೇಡಂ."

"ಒಂದು ಗಂಟೆಗೆ ಅಂತಿದೆ."

"ನಿನ್ನೆ ಬದಲಾಯಿಸಿದ್ರು. ಬೆಳಿಗ್ಗೆ ಎಂಟಕ್ಕೇ ಹೊರಟಿದೆ. ನಾಳೆ ಬೆಳಿಗ್ಗೆ ತನಕ ಯಾಕೆ ಕಾಯೋದು, ಇವತ್ತೇ ಸಂಜೆ ನಾಲ್ಕೂವರೆಗೆ ನೀರಿಗೆ ಇಳಿಸೋಣ ಅಂತ."

"ಮಾರ್ಗದರ್ಶಿ ನೀನಲ್ವಾ?"

"ನಾನೇ ಹೋಗ್ಬೇಕಿತ್ತು. ನಿನ್ನೆ ಸಂಜೆ ದೀಪಾ ಬಂದ್ಲು. ಅವಳಿಗೆ ಎಲ್ಲ ಗೊತ್ತಾಗಿತ್ತು, ಕರಪತ್ರ ನೋಡಿದ್ಲು. ಬೈತಾಳೆ ಅಂದ್ಕೊಂಡೆ, ಬೈಲಿಲ್ಲ. ನೀನು ಹೋದ್ರೆ ನಿನ್ನ ಹೆಸರು ಭೂಮಿಗೆ ಗೊತ್ತಾಗತ್ತೆ, ನೀನಿಲ್ಲೇ ಇರು, ನಾನು ಕರ್ಕೊಂಡು ಹೋಗ್ತೀನಿ ಅಂದ್ಲು. ವಿಜಯಣ್ಣಂಗೂ ಅವಳೇ ಮಾತಾಡಿದ್ಲು. ಟೈಮು ಬದಲಾಯಿಸಿದ್ದೂ ಅವಳೇ."

"ಎಲ್ಲಿಗೆ?" ಎಂದಳು ಭೂಮಿಕಾ.

"ಮೊದಲ ನಾಲ್ಕು ಚುಕ್ಕಿ ಬೇಡ," ಎಂದ ಅಭಯ. ಹೇಳುತ್ತ ಹೇಳುತ್ತ ಆ ಮಾತಿನ ಅರ್ಥ ಅವನಿಗೇ ಈಗ ತಟ್ಟಿದಂತಿತ್ತು. "ಸೀದಾ ಐದನೇದಕ್ಕೇ ಹೋಗ್ತೀವಿ, ಆ ಜಾಗ ನಂಗೆ ಚೆನ್ನಾಗಿ ಗೊತ್ತು ಅಂದ್ಲು. ಅವಳ ಬೋರ್ಡ್ ರೆಡಿ ಮಾಡಿಟ್ಟಿದ್ದೆ. ತಗೊಂಡು ಹೋದ್ಲು. ಹೊಸ ಲೀಶ್ ಕೊಟ್ರೆ ಬೇಡ ಅಂದ್ಲು."

ಮೂವರೂ ಗೋಡೆಯ ಕಡೆ ನೋಡಿದರು. ಮೊಳೆಯಲ್ಲಿ ಹೊಸ ಲೀಶ್ ಚೀಟಿಯ ಸಮೇತ ತೂಗುತ್ತಿತ್ತು.

ಗಂಟೆ ಹನ್ನೊಂದು. ಇಲ್ಲಿಂದ ಹೊನ್ನಾವರದಾಚೆಗೆ ಐದು ಗಂಟೆಯ ದಾರಿ. ಎಲ್ಲೂ ನಿಲ್ಲದೆ ಹೋದರೆ ನಾಲ್ಕಕ್ಕೆ ಮುಟ್ಟಬಹುದು.

"ಓಮ್ನಿ ಓಡತ್ತಾ?" ಎಂದಳು ಬಿಂದುಶ್ರೀ.

"ಓಡತ್ತೆ."

"ತೆಗಿ."

ಅಭಯ ಹೊರಗೋಡಿದ. ಅವಳು ಅಷ್ಟರಲ್ಲಿ ೧೧೨ಕ್ಕೆ ಕರೆ ಮಾಡಿದ್ದಳು. ಹೇಳಬೇಕಾದ್ದನ್ನು ನಾಲ್ಕು ವಾಕ್ಯದಲ್ಲಿ ಹೇಳಿದಳು. ಆ ಕಡೆಯ ಹೆಣ್ಣುದನಿ ಬರೆದುಕೊಳ್ಳುತ್ತ ಕೇಳಿತು:

"ಜಾಗದ ಹೆಸರೇನು ಮೇಡಂ?"

"ಹೆಸರಿಲ್ಲ."

"ಊರಿನ ಹೆಸರು?"

"ಊರಿಲ್ಲ. ರಸ್ತೆಯಿಂದ ಮೂರು ಕಿಲೋಮೀಟರ್ ಒಳಗೆ. ಎಲ್ಲಿ ಅಂತ ನಕ್ಷೆ ಕಳಿಸ್ತೀನಿ."

"ಕಳಿಸಿ. ಅಲ್ಲಿನ ಸ್ಟೇಷನ್ನಿಗೆ ಹೇಳ್ತೀವಿ, ನೋಡ್ತಾರೆ."

ನೋಡುತ್ತಾರೆ. ನೋಡಲಿ. ಅದನ್ನೇ ನಂಬಿ ಕೂರುವುದು ಅವಳಿಂದಾಗದು. ಸದ್ದಿಲ್ಲದ, ಹೆಸರಿಲ್ಲದ, ದಾರಿಯಿಲ್ಲದ ಕಡಲು ಬೇಕು ಎಂದು ಇವರು ಹನ್ನೊಂದು ದಿನ ಹುಡುಕಿದ್ದರು. ಅಂಥ ಜಾಗದಲ್ಲಿ ಕೂಗಿದರೂ ಯಾರಿಗೂ ಕೇಳುವುದಿಲ್ಲ ಎಂಬುದನ್ನು ಮಾತ್ರ ಯಾರೂ ಯೋಚಿಸಿರಲಿಲ್ಲ.

ಓಮ್ನಿ ಕೆಮ್ಮಿ, ಒದರಿ, ಶುರುವಾಯಿತು. ಅಭಯ ಅದನ್ನು ಶೆಡ್ಡಿನ ಬಾಗಿಲಿಗೇ ತಂದು ನಿಲ್ಲಿಸಿ ಒಳಗೆ ಬಂದ, ಉದ್ದದ ನೈಲಾನ್ ಹಗ್ಗದ ಸುರುಳಿಯನ್ನೂ ಎರಡು ಲೈಫ್ ಜಾಕೆಟ್ಟನ್ನೂ ಎತ್ತಿಕೊಳ್ಳಲು. ಬಿಂದುಶ್ರೀ ಮೊಳೆಯಿಂದ ಹೊಸ ಲೀಶ್ ಕಿತ್ತುಕೊಂಡಳು. ಆಮೇಲೆ ದೀಪಶ್ರೀಯ ನಂಬರಿಗೆ ಹಚ್ಚಿ, ಸ್ಪೀಕರ್ ಒತ್ತಿ, ಫೋನನ್ನು ಹಳದಿ ಬೋರ್ಡಿನ ಮೇಲಿಟ್ಟಳು.

ಎತ್ತುವುದಿಲ್ಲ ಎಂದುಕೊಂಡಿದ್ದಳು. ದೀಪಶ್ರೀ ಎರಡನೆಯ ರಿಂಗಿಗೇ ಎತ್ತಿದಳು.

ಮೊದಲು ಕೇಳಿಸಿದ್ದು ಬಸ್ಸಿನೊಳಗಿನ ಹಾಡು. ಯಾರೋ ತಾಳ ಹಾಕುತ್ತಿದ್ದರು, ಯಾರೋ ಚಿಪ್ಸು ಪೊಟ್ಟಣ ಕೇಳುತ್ತಿದ್ದರು. ಹದಿನೆಂಟು ಮುಖಗಳಿಗೆ ಈಗ ದನಿ ಬಂದಿತ್ತು.

"ಹೇಳಿ ಬಿಂದಕ್ಕ." ದೀಪಶ್ರೀಯ ಮಾತು ಶಾಂತವಾಗಿತ್ತು. "ಬೇಗ ಹೇಳಿ. ಮಾವಿನಗುಂಡಿ ದಾಟ್ತಿದ್ದೀವಿ, ಘಾಟಿ ಇಳಿದ್ರೆ ಸಿಗ್ನಲ್ ಇರಲ್ಲ."

"ದೀಪಶ್ರೀ, ಆ ಚುಕ್ಕಿ ಇಟ್ಟಿದ್ದು ನಾನು. ತಪ್ಪು ನಂದು. ಅಲ್ಲಿ ನೀರು ಎಂಥದ್ದು ಅಂತ ನಿಂಗೆ ನನಗಿಂತ ಚೆನ್ನಾಗಿ ಗೊತ್ತು. ನಿಂಗೆ ಏನು ಬೇಕು ಅಂತ ನಾನು ಕೇಳಲ್ಲ. ಬಸ್ಸು ಅಲ್ಲೇ ನಿಲ್ಲಿಸು. ಅವರನ್ನ ಅಲ್ಲಿಗೆ ಕರ್ಕೊಂಡು ಹೋಗ್ಬೇಡ."

ಹಾಡು ಒಂದು ಸಾಲು ಮುಂದೆ ಹೋಯಿತು.

"ಪಕ್ಕದಲ್ಲಿ ಭೂಮಿ ಇದ್ದಾಳಾ?"

"ಇದ್ದಾಳೆ."

"ಏನು ಹೇಳಿದ್ಲು ನಿಮ್ಗೆ? ನಾನೊಬ್ಳೇ ಕೊಚ್ಕೊಂಡು ಹೋದೆ, ಅಜ್ಜ ಎತ್ತಿದ್ರು, ಅಷ್ಟೇ ಅಂದ್ಲಾ?"

ಬಿಂದುಶ್ರೀ ಫೋನಿನ ಹತ್ತಿರ ಬಾಗಿದಳು. ಗೂಡ್ಸ್ ಆಟೋದಲ್ಲಿ ಹೋದ ಮೂರು ಬೋರ್ಡುಗಳು ಅವಳ ಕಣ್ಣ ಮುಂದೆ ಒಂದರ ಪಕ್ಕ ಒಂದು ನಿಂತವು.

"ಐದು ತಿಂಗಳಾಯ್ತು ಅಕ್ಕ," ಎಂದಳು ದೀಪಶ್ರೀ. "ಅಲ್ಲಿಗೆ ಇನ್ನೊಂದ್ಸಲ ಹೋಗಕ್ಕೆ ನಂಗೊಬ್ಳಿಗೇ ಧೈರ್ಯ ಬರ್ಲಿಲ್ಲ. ಹದಿನೆಂಟು ಜನ ಕಣ್ಣಾರೆ ನೋಡಿದ್ರೆ ಅಲ್ಲಿ ಯಾರೂ ಇಲ್ಲ ಅಂತ ಭೂಮಿ ಹೇಳಕ್ಕಾಗಲ್ಲ. ಭೂಮಿಗೆ ಹೇಳಿ. ಆವತ್ತು ನೀರಲ್ಲಿ ಇದ್ದಿದ್ದು ನಾನೊಬ್ಳೇ ಅಲ್ಲ. ವಾಪಸ್ ದಡಕ್ಕೆ ಬಂದಿದ್ದು ಮಾತ್ರ ನಾನೊಬ್ಳೇ."

ಗರಗರ ಸದ್ದು. ಆಮೇಲೆ ಅದೂ ಇಲ್ಲ.

ಅಭಯನ ಕೈಯಲ್ಲಿದ್ದ ಹಗ್ಗದ ಸುರುಳಿ ಜಾರಿ ನೆಲಕ್ಕೆ ಬಿತ್ತು.

"ಯಾರು?" ಎಂದ ಅವನು. "ಇನ್ಯಾರಿದ್ರು ನೀರಲ್ಲಿ? ನನ್ನ ಬೋರ್ಡ್ ಯಾರ ಹತ್ರ ಇತ್ತು?"

ಭೂಮಿಕಾ ಏನನ್ನೂ ಕೇಳಲಿಲ್ಲ. ಅವಳು ಬಾಗಿಲ ಕಡೆ ನೋಡುತ್ತಿದ್ದಳು.